ಲ್ಯಾಬಿನಲ್ಲಿ ಬೆಳೆದ ಮೃದ್ವಸ್ಥಿ ಕೋಶ ಕಾಂಡಕೋಶವೇ?

ಶಿರಸಿಯಿಂದ ಕೇಳಿದ್ದೀರಿ: ಅಮ್ಮನ ಸವೆದ ಮೊಣಕಾಲಿನ ಮೃದ್ವಸ್ಥಿ (ಕೀಲಿನ ಮೆತ್ತನೆ ಮೂಳೆ, ಕಾರ್ಟಿಲೇಜ್) ಕೋಶ ತೆಗೆದು ಲ್ಯಾಬಿನಲ್ಲಿ ಬೆಳೆಸಿದರೆ ಕಾಂಡಕೋಶ (ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಸ್ಟೆಮ್ ಸೆಲ್) ಆಗುತ್ತಾ ಅಂತ. ಪೂರ್ತಿ ಆಗುವುದಿಲ್ಲ, ಆ ಕಡೆ ವಾಲುತ್ತದೆ ಅಷ್ಟೆ. ಚಪ್ಪಟೆ ತಟ್ಟೆಯಲ್ಲಿ ಬೆಳೆಯುತ್ತಾ ದುಂಡಗಿನ ಕೋಶ ಉದ್ದವಾಗುತ್ತದೆ. ಮೃದ್ವಸ್ಥಿಯ ಮುಖ್ಯ ಪ್ರೋಟೀನಾದ ಟೈಪ್ 2 ಕೊಲಾಜೆನ್ ಇಳಿದು, ಚರ್ಮ, ಮೂಳೆಯಲ್ಲಿರುವ ಟೈಪ್ 1 ಜಾಸ್ತಿಯಾಗುತ್ತದೆ. ಕಾಂಡಕೋಶದ ಮೈಮೇಲಿರುವ ಸಿಡಿ90, ಸಿಡಿ105 ಎಂಬ ಗುರುತು ಪ್ರೋಟೀನುಗಳು ಇಲ್ಲೂ ಕಾಣುತ್ತವೆ. ತಕ್ಕ ದ್ರಾವಣ ಕೊಟ್ಟರೆ ಮೂಳೆ, ಕೊಬ್ಬಿನ ದಾರಿಯನ್ನೂ ಹಿಡಿಯಬಹುದು. ಆದರೆ ಅದೇ ಗುರುತು ಸಾಮಾನ್ಯ ಫೈಬ್ರೊಬ್ಲಾಸ್ಟಿನಲ್ಲೂ (ಅಂಗಾಂಶದ ನಾರು ಕಟ್ಟುವ ಕೋಶ) ಇರುತ್ತದೆ, ಅಲ್ವಾ? ಸುಮ್ನೆ ಅದನ್ನು ನೋಡಿ ಕಾಂಡಕೋಶ ಅನ್ನುವಂತಿಲ್ಲ. ಜೆಲ್‌ನೊಳಗೆ ಈ ಮೃದ್ವಸ್ಥಿ ಕೋಶವನ್ನು ಇಟ್ಟರೆ ಹಳೆ ಗುಣ ಸುಮಾರಾಗಿ ಮರಳುತ್ತದೆ.

1994ರಲ್ಲಿ ಸ್ವೀಡನ್ನಿನ ವೈದ್ಯರು ಹೀಗೆ ಬೆಳೆಸಿದ ಕೋಶವನ್ನು 23 ಜನರ ಮೊಣಕಾಲಿಗೆ ಹಾಕಿದ ವರದಿ ಕೊಟ್ಟರು. ಅದು ಮೃದ್ವಸ್ಥಿಯಲ್ಲಿ ಒಂದೇ ಕಡೆ ಬಿದ್ದ ಗುಂಡಿಗೆ. ಇಲ್ಲಿ ಕಾರವಾರದಲ್ಲಿ ನನ್ನ ಮಾವನದೂ ಅಮ್ಮನ ಹಾಗೆ ಪೂರ್ತಿ ಸವೆದ ಮೊಣಕಾಲು; ಅದಕ್ಕೆ ಈ ಚಿಕಿತ್ಸೆ ಹೊಂದುವುದಿಲ್ಲ.