ಓದುಗರ ಪ್ರಶ್ನೆ: ಮಗಳ ಊರಿನ ಹತ್ತಿರ ಬೆಟ್ಟ ಉರಿಯುತ್ತಿದೆ

ಪ್ರಶ್ನೆ: ಮಗಳು ಹವಾಯಿಯ ಬಿಗ್ ಐಲ್ಯಾಂಡ್‌ನಲ್ಲಿದ್ದಾಳೆ, ಹಿಲೋ ಅನ್ನುವ ಊರು. ಟಿವಿ ಹಾಕಿದರೆ ಕಿಲಾವೇಯ ಬೆಟ್ಟ ಬೆಂಕಿ ಕಾರುವುದನ್ನೇ ತೋರಿಸುತ್ತಾರೆ. ಅವಳನ್ನು ಕೇಳಿದರೆ "ಇಲ್ಲಿ ಬರೀ ಮಳೆ ಅಮ್ಮ" ಅನ್ನುತ್ತಾಳೆ. ಮೊನ್ನೆ ನಿದ್ದೆ ಬರದೆ ರಾತ್ರಿ ಮೂರು ಗಂಟೆಗೆ ಫೋನ್ ಮಾಡಿದೆ. ಮಾತಾಡುತ್ತಿದ್ದ ಹಾಗೇ ಅಲ್ಲಿ ಜೋರಾಗಿ ಸೈರನ್ ಕೂಗಿತು. ವಾಪಸ್ ಬಾ ಅಂತ ಹೇಳಲಾ?
– ಒಬ್ಬ ತಾಯಿ, ಬಸವನಗುಡಿ

ಉತ್ತರ: ಅಮ್ಮಾ, ಮೊದಲು ಆ ಸೈರನ್ ವಿಷಯ. ಹವಾಯಿಯಲ್ಲಿ ಪ್ರತಿ ತಿಂಗಳ ಮೊದಲ ಕೆಲಸದ ದಿನ ಬೆಳಗ್ಗೆ 11:45ಕ್ಕೆ ಸೈರನ್ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಆಗ ನಮಗೆ ಮರುದಿನದ ರಾತ್ರಿ 3:15. ನೀವು ಕೇಳಿದ್ದು ಬಹುಶಃ ಅದೇ.

ಇನ್ನು ಬೆಟ್ಟ. ಹಿಲೋದಿಂದ ಕಿಲಾವೇಯದ ನೆತ್ತಿಗೆ ರಸ್ತೆಯಲ್ಲಿ ಹೆಚ್ಚುಕಡಿಮೆ 50 ಕಿ.ಮೀ. 2024ರ ಡಿಸೆಂಬರ್‌ನಲ್ಲಿ ಶುರುವಾಗಿ ಬಿಟ್ಟು ಬಿಟ್ಟು ಚಿಮ್ಮಿದ ಲಾವಾ ಕಾರಂಜಿಗಳೆಲ್ಲ ಆ ನೆತ್ತಿಯ ದೊಡ್ಡ ಕುಳಿಯೊಳಗಿನವು. 2018ರದ್ದು ಬೇರೆ ಕಥೆ. ಆಗ ಲಾವಾ ಬಂದಿದ್ದು ನೆತ್ತಿಯಿಂದಲ್ಲ, ಪೂರ್ವದ ತಗ್ಗಿನಲ್ಲಿರುವ ಪೂನಾ ಸೀಮೆಯ ಲೈಲಾನಿ ಎಸ್ಟೇಟ್ಸ್ ಬಡಾವಣೆಯಲ್ಲಿ ನೆಲ ಬಿರಿದು, ಮನೆಗಳ ಪಕ್ಕದಲ್ಲೇ. 700ಕ್ಕೂ ಹೆಚ್ಚು ಕಟ್ಟಡ ಹೋದವು, ಕಪೋಹೋ ಕೊಲ್ಲಿಯೇ ಮುಚ್ಚಿಹೋಯಿತು. ಅದಕ್ಕೇ "ದ್ವೀಪದಲ್ಲಿ ಬೆಂಕಿ" ಅಂದರೆ ಸಾಲದು, ಯಾವ ಬೆಟ್ಟ, ಯಾವ ಮಗ್ಗುಲು ಅಂತ ಕೇಳಬೇಕು. ಅಲ್ಲಿ ಲಾವಾ ಅಪಾಯಕ್ಕೆ ತಕ್ಕ ಹಾಗೆ ದ್ವೀಪವನ್ನು 1ರಿಂದ 9 ವಲಯಗಳಾಗಿ ಗುರುತಿಸಿದ್ದಾರೆ, 1 ಅಂದರೆ ಅಪಾಯ ಜಾಸ್ತಿ. ಲೈಲಾನಿ ಇರುವುದು 1ರಲ್ಲಿ, ಹಿಲೋದ ಹೆಚ್ಚಿನ ಭಾಗ 3ರಲ್ಲಿ. ಹಿಲೋಗೆ ಲಾವಾ ಬರುವುದಾದರೆ ಮೌನಾ ಲೋವಾ ಬೆಟ್ಟದಿಂದ. 1984ರಲ್ಲಿ ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ನಿಂತಿತ್ತು.

ಮಳೆ ಬಗ್ಗೆ ಮಗಳು ಹೇಳಿದ್ದು ಪೂರಾ ನಿಜ. ನಮ್ಮ ಬೆಂಗಳೂರಿಗೆ ವರ್ಷಕ್ಕೆ ಸಾವಿರ ಮಿ.ಮೀ. ಆಸುಪಾಸು, ಹಿಲೋಗೆ ಮೂರು ಸಾವಿರ ದಾಟುತ್ತದೆ. ಈಶಾನ್ಯದಿಂದ ಬೀಸುವ ಗಾಳಿ ಬೆಟ್ಟಕ್ಕೆ ತಾಗಿ ಹಿಲೋ ಕಡೆಯೇ ಸುರಿಸಿಬಿಡುತ್ತದೆ, ಬೆಟ್ಟದ ಆಚೆ ಪಶ್ಚಿಮ ಕರಾವಳಿಯ ಕೆಲವು ಜಾಗ ಒಣಗಿ ಕೂತಿರುತ್ತವೆ. ಆಗುಂಬೆ, ಚಿತ್ರದುರ್ಗ ನೆನೆಸಿಕೊಳ್ಳಿ. ಅದೇ ಗಾಳಿ ಕಿಲಾವೇಯದ ಗಂಧಕದ ಹೊಗೆಯನ್ನೂ ಹಿಲೋದಿಂದ ಆಚೆ ತಳ್ಳುತ್ತದೆ. ಗಾಳಿ ನಿಂತ ದಿನ ಮಾತ್ರ ಹೊಗೆ ಈ ಕಡೆಗೂ ಬರಬಹುದು. ಮಗಳಿಗೆ ಉಬ್ಬಸ ಇದ್ದರೆ ಆ ದಿನ ಕಿಟಕಿ ಹಾಕಿಕೊಂಡು ಒಳಗಿರಲಿ.

ನನಗೆ ಬೆಂಕಿಗಿಂತ ಹೆಚ್ಚು ಭಯ ಸಮುದ್ರದ್ದು. 1960ರ ಮೇನಲ್ಲಿ ಚಿಲಿಯಲ್ಲಿ ಭೂಕಂಪವಾಗಿ ಸುಮಾರು 15 ಗಂಟೆ ಆದಮೇಲೆ ಹಿಲೋಗೆ ಸುನಾಮಿ ಬಡಿಯಿತು. 61 ಜನ ಸತ್ತರು. ಆವತ್ತೂ ಸೈರನ್ ಕೂಗಿತ್ತು, ಆದರೂ ಎಷ್ಟೋ ಜನ ಜಾಗ ಬಿಟ್ಟು ಹೋಗಿರಲಿಲ್ಲ. ವಾಪಸ್ ಬಾ ಅನ್ನಬೇಡಿ. ಮನೆ ಸುನಾಮಿ ವಲಯದಲ್ಲಿದೆಯಾ, ಇದ್ದರೆ ಯಾವ ರಸ್ತೆ ಹಿಡಿದು ಎತ್ತರಕ್ಕೆ ಹೋಗಬೇಕು ಅಂತ ಕೇಳಿ. ಗೊತ್ತಿಲ್ಲ ಅಂದರೆ ಈ ವಾರವೇ ಒಂದು ಸಲ ನಡೆದು ನೋಡಲಿ.

ಪ್ರಶ್ನೆ: ಲಾಲ್‌ಬಾಗ್ ಬಂಡೆ ಹಳೇ ಜ್ವಾಲಾಮುಖಿಯಂತೆ, ಹೌದಾ?
– ಹೈಸ್ಕೂಲ್ ಹುಡುಗ, ಜಯನಗರ

ಉತ್ತರ: ಅಲ್ಲಪ್ಪ. ಅದು ನೈಸ್ ಅನ್ನುವ ಕಲ್ಲು, ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಆದದ್ದು, ವಯಸ್ಸು ಸುಮಾರು 300 ಕೋಟಿ ವರ್ಷ. ಹತ್ತಿರ ಹೋಗಿ ನೋಡು, ಕಪ್ಪು ಬಿಳಿ ಪಟ್ಟೆಗಳು ಕಾಣುತ್ತವೆ. ಲಾವಾ ಆರಿ ಆದ ಕಲ್ಲು ನೋಡಬೇಕಾದರೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗು. ಕಂಬ ನಿಲ್ಲಿಸಿದ ಹಾಗಿರುವ ಅಲ್ಲಿನ ಬಂಡೆಗಳು ಲಾವಾ ತಣ್ಣಗಾಗುವಾಗ ಬಿರಿದು ಆದವು.