ಉಪಗ್ರಹಕ್ಕೆ ಕಂಡ ಬರೆ ಯಾವ ಇಲಾಖೆಯದ್ದು?

ಕೊಡಗಿನ ಮಾದಾಪುರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: "ಹೋದ ಸಂಚಿಕೆಯಲ್ಲಿ ಇಸ್ರೊ-ನಾಸಾ ಸೇರಿ ಕಳಿಸಿದ ನಿಸಾರ್ ಉಪಗ್ರಹವನ್ನು ಹೊಗಳಿ ಎರಡು ಪುಟ ಬರೆದಿದ್ದೀರಿ. ಸಂತೋಷ. 2018ರಲ್ಲಿ ನಮ್ಮ ಮನೆ ಹಿಂದಿನ ಬರೆ (ಬೆಟ್ಟದ ಮಣ್ಣಿನ ಇಳಿಜಾರು) ಕುಸಿಯಿತು. ಆಗಲೂ ಆಕಾಶದಲ್ಲಿ ಉಪಗ್ರಹ ಇದ್ದವಲ್ಲ, ಒಂದಾದರೂ ನಮಗೆ ಹೇಳಿತಾ? ಇದಕ್ಕೆಲ್ಲ ದುಡ್ಡು ಕೊಡುವವರು ಯಾರು, ಲೆಕ್ಕ ಕೇಳುವವರು ಯಾರು? ಆ ದುಡ್ಡಿನಲ್ಲಿ ಊರಿಗೊಂದು ತಡೆಗೋಡೆ ಆಗುತ್ತಿತ್ತು. ನಾನು ಮೂವತ್ತು ವರ್ಷದಿಂದ ದಿನದಿನದ ಮಳೆ ಅಳೆದು ಮಳೆ ಪುಸ್ತಕ ಬರೆಯುತ್ತಿದ್ದೇನೆ. ಅದನ್ನೂ ಯಾರೂ ಕೇಳಿಲ್ಲ."

ಮೇಷ್ಟ್ರೇ, ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು. ಹೊಗಳಿ ಬರೆದವನು ನಾನೇ ಅಲ್ವಾ. ಎರಡನೇ ಸಲ ಓದಿದಾಗ ಸಿಟ್ಟು ಇಳಿಯಿತು. ಕೊನೆಯ ಎರಡು ಸಾಲಿನಲ್ಲಿ ನೀವು ಏನೋ ಹಿಡಿದಿದ್ದೀರಿ. ಅದಕ್ಕೆ ಕೊನೆಗೆ ಬರುತ್ತೇನೆ.

ಮೊದಲು ದುಡ್ಡಿನ ಲೆಕ್ಕ. 2025-26ರ ಕೇಂದ್ರ ಬಜೆಟ್‌ನಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ಸುಮಾರು 13,416 ಕೋಟಿ ರೂಪಾಯಿ. ಕೇಳಿದರೆ ತಲೆ ತಿರುಗುತ್ತದೆ. ಆದರೆ ಇಡೀ ಬಜೆಟ್ 50 ಲಕ್ಷ ಕೋಟಿಗೂ ಜಾಸ್ತಿ. ನೂರು ರೂಪಾಯಿಯಲ್ಲಿ ಇಪ್ಪತ್ತೇಳು ಪೈಸೆಯೂ ಆಗುವುದಿಲ್ಲ. ದೇಶದ ಜನಕ್ಕೆಲ್ಲ ಹಂಚಿದರೆ ತಲೆಗೆ ವರ್ಷಕ್ಕೆ ನೂರು ರೂಪಾಯಿಯ ಒಳಗೆ. ಈಗಿನ ದರದಲ್ಲಿ ಅಷ್ಟಕ್ಕೆ ಕಾಲು ಕಿಲೊ ಒಳ್ಳೆಯ ಕಾಫಿ ಪುಡಿ ಬರುವುದಿಲ್ಲ. ನಾವು ಬೆಳೆಯುವವರಿಗೇ ಬರುವುದಿಲ್ಲ, ಬಿಡಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಇಟ್ಟ ದುಡ್ಡೆಲ್ಲ ಖರ್ಚಾಗುತ್ತದೆ ಎಂದೂ ಇಲ್ಲ. 2023-24ರಲ್ಲಿ ಸುಮಾರು 12,544 ಕೋಟಿ ಇಟ್ಟು, ಪರಿಷ್ಕೃತ ಅಂದಾಜಿನಲ್ಲಿ 11,070 ಕೋಟಿಗೆ ಇಳಿಸಿದರು. ಚಂದ್ರಯಾನ-3 ಇಳಿದ ವರ್ಷವೇ ಅದು.

ಕೊಡುವವರು ಯಾರು ಎಂದರೆ, ಸಂಸತ್ತು. ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆ ಹುಟ್ಟಿದ್ದು 1972ರಲ್ಲಿ. ಇಲಾಖೆ ನೇರ ಪ್ರಧಾನಿಯ ಕೈಕೆಳಗೆ ಇದೆ. ಇಸ್ರೊ ಅದಕ್ಕಿಂತ ಮೂರು ವರ್ಷ ಹಳೆಯದು, 1969ರ ಆಗಸ್ಟ್ 15ರದ್ದು. ಆಯೋಗದ ಅಧ್ಯಕ್ಷರು, ಇಲಾಖೆಯ ಕಾರ್ಯದರ್ಶಿ, ಇಸ್ರೊ ಅಧ್ಯಕ್ಷರು, ಈ ಮೂರೂ ಕುರ್ಚಿಯಲ್ಲಿ ಕೂರುವುದು ಒಬ್ಬರೇ. ನೀತಿ ಹೇಳುವವರು, ದುಡ್ಡು ಕೇಳುವವರು, ಕೆಲಸ ಮಾಡಿಸುವವರು ಎಲ್ಲ ಒಬ್ಬರೇ ಆದ್ದರಿಂದ ಫೈಲು ಬೇಗ ಓಡುತ್ತದೆ. ದೊಡ್ಡ ಯೋಜನೆಯಾದರೆ ಕೇಂದ್ರ ಸಂಪುಟಕ್ಕೆ ಹೋಗಬೇಕು. 2024ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-4ಕ್ಕೆ 2,104 ಕೋಟಿ, ಶುಕ್ರ ಗ್ರಹದ ಯೋಜನೆಗೆ 1,236 ಕೋಟಿ ಒಪ್ಪಿಗೆಯಾದದ್ದು ಹಾಗೆಯೇ. ಲೆಕ್ಕ ನೋಡಲು ಸಿಎಜಿ, ಅಂದರೆ ಮಹಾಲೇಖಪಾಲರ ಕಚೇರಿ ಇದೆ, ಪ್ರತಿ ವರ್ಷ ಬೇಡಿಕೆಯನ್ನು ಕೆದಕಲು ಸಂಸತ್ತಿನ ಸ್ಥಾಯಿ ಸಮಿತಿ ಇದೆ.

ತಡೆಗೋಡೆಯ ದುಡ್ಡು ಬೇರೆ ಚೀಲದ್ದು. ವಿಪತ್ತು ಪರಿಹಾರ ನಿಧಿ ಎಂದು ರಾಜ್ಯದಲ್ಲಿ ಒಂದಿದೆ. ಅದಕ್ಕೆ ಕರ್ನಾಟಕದಂಥ ರಾಜ್ಯಗಳಲ್ಲಿ ನೂರಕ್ಕೆ ಎಪ್ಪತ್ತೈದು ಕೇಂದ್ರದ್ದು, ಇಪ್ಪತ್ತೈದು ರಾಜ್ಯದ್ದು. ರಸ್ತೆ ಬದಿಯ ಗೋಡೆಯಾದರೆ ಲೋಕೋಪಯೋಗಿ ಇಲಾಖೆ ಅಥವಾ ಹೆದ್ದಾರಿಯವರು. ಒಂದು ರಾಕೆಟ್ ಹಾರದೇ ಇದ್ದರೂ ನಿಮ್ಮ ಹಿತ್ತಿಲಿಗೆ ಒಂದು ಲಾರಿ ಕಲ್ಲು ಬರುತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಉಪಗ್ರಹ ಯಾಕೆ ಹೇಳಲಿಲ್ಲ ಎನ್ನುವುದೇ ನಿಮ್ಮ ಪತ್ರದ ನಿಜವಾದ ಪ್ರಶ್ನೆ. ಅದಕ್ಕೆ ಎರಡು ಉತ್ತರ ಇವೆ.

ಒಂದು, ಕಣ್ಣಿನ ಸಮಸ್ಯೆ. ಕ್ಯಾಮೆರಾ ಇರುವ ಉಪಗ್ರಹಕ್ಕೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್ ಮಳೆಗಾಲದ) ಕೊಡಗು ಎಂದರೆ ಬರೀ ಬಿಳಿ ಹತ್ತಿ. ಮೋಡದ ಬೆನ್ನು ಕಾಣುತ್ತದೆ, ಬರೆ ಕಾಣುವುದಿಲ್ಲ. ರೇಡಾರ್ ಉಪಗ್ರಹ ಹಾಗಲ್ಲ. ತಾನೇ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಕೇಳಿಸಿಕೊಳ್ಳುತ್ತದೆ. ರಾತ್ರಿಯಾದರೂ ಸರಿ, ಮೋಡವಿದ್ದರೂ ಸರಿ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹೋದ ನಿಸಾರ್‌ನಲ್ಲಿ ಎರಡು ರೇಡಾರ್ ಇವೆ. ಎರಡರ ಅಲೆಯ ಉದ್ದ ಬೇರೆ ಬೇರೆ. ಎಸ್ ಬ್ಯಾಂಡ್ ನಮ್ಮದು, ಎಲ್ ಬ್ಯಾಂಡ್ ನಾಸಾದ್ದು. ಎಲ್ ಬ್ಯಾಂಡಿನ ಅಲೆ ಒಂದು ಗೇಣಿನಷ್ಟು ಉದ್ದ. ಎಲೆಗಳ ನಡುವೆ ನುಸುಳುತ್ತದೆ. ನಮ್ಮ ಹಾಗೆ ಸಿಲ್ವರ್ ಓಕ್, ಬಳಂಜಿ, ಹಲಸಿನ ನೆರಳಲ್ಲಿ ತೋಟ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಅದೇ ಜಾಗದ ಮೇಲೆ ಹನ್ನೆರಡು ದಿನಕ್ಕೊಮ್ಮೆ ಬಂದು, ಎರಡು ಸಲದ ಚಿತ್ರ ಹೋಲಿಸಿದರೆ, ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಜರುಗಿದ್ದೂ ತಿಳಿಯಬಹುದು.

ಆದರೆ ಹನ್ನೆರಡು ದಿನ ನೋಡಿ, ಮೇಷ್ಟ್ರೇ. 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದು ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕತೆ ಮುಗಿಯಲು ಎರಡು ಮೂರು ದಿನ ಸಾಕಾಯಿತು. ನಿಧಾನವಾಗಿ ಜರುಗುವ ಬೆಟ್ಟವನ್ನು ಈ ಉಪಗ್ರಹ ಮೊದಲೇ ಗುರುತಿಸಬಹುದು. ಇವತ್ತು ರಾತ್ರಿ ಮನೆ ಬಿಡಿ ಎಂದು ಹೇಳುವ ಕೆಲಸ ಅದರದ್ದಲ್ಲ. ಹೋದ ಸಂಚಿಕೆಯಲ್ಲಿ ಇದನ್ನು ಬರೆಯದೇ ಬಿಟ್ಟದ್ದು ನನ್ನ ತಪ್ಪು.

ಎರಡನೆಯದು, ಇಲಾಖೆಗಳ ಸಮಸ್ಯೆ. ನನಗೆ ಇದೇ ದೊಡ್ಡದಾಗಿ ಕಾಣುತ್ತದೆ. ಚಿತ್ರ ತೆಗೆಯುವುದು ಇಸ್ರೊ. ಅದನ್ನು ನಕ್ಷೆ ಮಾಡುವುದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ. ಅವರು 2023ರಲ್ಲಿ ಹೊರತಂದ ಭೂಕುಸಿತ ನಕ್ಷೆ ಸಂಪುಟದಲ್ಲಿ 1998ರಿಂದ 2022ರವರೆಗಿನ ಸುಮಾರು 80,000 ಕುಸಿತ ಇವೆ, ಕೊಡಗೂ ಇದೆ. ಆದರೆ ಭೂಕುಸಿತದ ಅಧಿಕೃತ ಹೊಣೆ ಗಣಿ ಸಚಿವಾಲಯದ ಕೆಳಗಿನ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯದ್ದು. ಅವರ ಮುನ್ಸೂಚನಾ ಕೇಂದ್ರ 2024ರ ಜುಲೈನಲ್ಲಿ ಕೋಲ್ಕತ್ತದಲ್ಲಿ ಶುರುವಾಗಿದೆ. ಮಳೆ ಹೇಳುವುದು ಭೂವಿಜ್ಞಾನ ಸಚಿವಾಲಯದ ಹವಾಮಾನ ಇಲಾಖೆ. ಪಂಚಾಯಿತಿ ಮಟ್ಟದ ಮಳೆ ಅಳೆಯುವುದು ಬೆಂಗಳೂರಿನ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರ. ಮನೆ ಖಾಲಿ ಮಾಡಿ ಎನ್ನುವುದು ಮಡಿಕೇರಿಯ ಜಿಲ್ಲಾಡಳಿತ. ನಾಲ್ಕೈದು ಮನೆಯವರು ಸೇರಿ ಒಂದು ಮದುವೆ ಮಾಡಿದ ಹಾಗೆ. ಅಡುಗೆಯವರಿಗೆ ಹೇಳಿದವರು ಯಾರು ಎಂದು ಮುಹೂರ್ತ ಮುಗಿದ ಮೇಲೆ ಕೇಳುತ್ತಾರೆ.

2018ರಲ್ಲಿ ನಾನೂ ಒಂದು ಕಚೇರಿಗೆ ಫೋನ್ ಮಾಡಿದ್ದೆ. ಯಾವುದು ಎಂದು ಬೇಡ. "ನಕ್ಷೆ ನಮ್ಮಲ್ಲಿದೆ, ಆದರೆ ಹೇಳುವ ಅಧಿಕಾರ ನಮಗಿಲ್ಲ" ಎಂದರು. ಅವರು ಹೇಳಿದ ಎರಡನೇ ಕಚೇರಿಗೆ ಮಾಡಿದೆ. ಅಧಿಕಾರ ಇತ್ತು, ನಕ್ಷೆ ಇರಲಿಲ್ಲ. ಇಬ್ಬರೂ ಒಳ್ಳೆಯವರೇ.

ಹೊಂದಾಣಿಕೆ ನಮ್ಮವರಿಗೆ ಬರುವುದೇ ಇಲ್ಲ ಎಂದಲ್ಲ. 1975ರ ಆಗಸ್ಟ್‌ನಲ್ಲಿ ನಾಸಾದ ಉಪಗ್ರಹವನ್ನು ಒಂದು ವರ್ಷಕ್ಕೆ ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ನಮ್ಮ ಕಲಬುರಗಿ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಇಸ್ರೊ ಯಂತ್ರ ನೋಡಿಕೊಂಡಿತು, ಕಾರ್ಯಕ್ರಮದ ಮುಖ್ಯ ಹೊಣೆ ಆಕಾಶವಾಣಿಯದ್ದು. ಇನ್ಸಾಟ್ ಎಂಬ ಉಪಗ್ರಹ ಸರಣಿ ಶುರುವಾದಾಗ ಬಾಹ್ಯಾಕಾಶ, ದೂರಸಂಪರ್ಕ, ಹವಾಮಾನ, ಆಕಾಶವಾಣಿ, ದೂರದರ್ಶನ ಎಲ್ಲರೂ ಒಂದೇ ಉಪಗ್ರಹದ ಪಾಲುದಾರರು. ಅವರದ್ದೇ ಸಮನ್ವಯ ಸಮಿತಿ ಇತ್ತು. ಇತ್ತೀಚಿನದ್ದು ಬೇಕೆಂದರೆ, 2024ರ ಫೆಬ್ರುವರಿಯಲ್ಲಿ ಹೋದ ಇನ್ಸಾಟ್-3ಡಿಎಸ್ ಹವಾಮಾನ ಉಪಗ್ರಹದ ಪೂರ್ತಿ ದುಡ್ಡು ಭೂವಿಜ್ಞಾನ ಸಚಿವಾಲಯ ಕೊಟ್ಟಿತು. ನನಗೆ ಇಷ್ಟವಾದದ್ದು ಇದೇ. ಬಳಸುವವನು ದುಡ್ಡು ಹಾಕಿದರೆ, ನನಗೆ ಏನು ಸಿಕ್ಕಿತು ಎಂದು ದಬಾಯಿಸಿ ಕೇಳುತ್ತಾನೆ. ಬಿಟ್ಟಿ ಬಂದ ನಕ್ಷೆ ಬೀರುವಿನಲ್ಲಿ ಕೂರುತ್ತದೆ.

ನಮ್ಮ ಬರೆಗಳ ವಿಷಯದಲ್ಲಿ ಹಾಗೆ ದುಡ್ಡು ಹಾಕಿ ಜಗಳ ಮಾಡುವವರು ಯಾರೂ ಕಾಣುವುದಿಲ್ಲ. ಉಪಗ್ರಹಕ್ಕೆ ಬಜೆಟ್ ಇದೆ, ಗೋಡೆಗೆ ಬಜೆಟ್ ಇದೆ. ನಕ್ಷೆಯನ್ನು ಮಾದಾಪುರದ ಭಾಷೆಗೆ ಇಳಿಸಿ, ಈ ಮೂರು ಮನೆ, ಇಷ್ಟು ಇಂಚು ದಾಟಿದರೆ ಹೊರಡಿ ಎಂದು ಹೇಳುವವನಿಗೆ ಸಂಬಳ ಯಾವ ಲೆಕ್ಕದಲ್ಲಿ ಬರಬೇಕು? ನೀವು ಪತ್ರವನ್ನು ಸಂಸದರಿಗೆ ಬರೆಯುವುದಾದರೆ ಇದನ್ನು ಕೇಳಿ. ರಾಕೆಟ್ ಯಾಕೆ ಎಂದು ಕೇಳಿದರೆ ಸುಮ್ನೆ ಒಂದು ಭಾಷಣ ಸಿಗುತ್ತದೆ.

ಮಂಗಳೂರಿನಲ್ಲಿ ಭೌತಶಾಸ್ತ್ರ ಓದುವ ಮೊಮ್ಮಗಳ ಬಗ್ಗೆ ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ವಿಶ್ವವಿದ್ಯಾಲಯಗಳ ಸಂಶೋಧನೆಗೆ ಇಸ್ರೊ ರೆಸ್ಪಾಂಡ್ ಎಂಬ ಯೋಜನೆಯಲ್ಲಿ ಅನುದಾನ ಕೊಡುತ್ತದೆ. ನಕ್ಷತ್ರ ನೋಡುವ ಆಸ್ಟ್ರೋಸ್ಯಾಟ್, ಸೂರ್ಯನನ್ನು ನೋಡುವ ಆದಿತ್ಯ-ಎಲ್1 ಕಳಿಸಿದ ದತ್ತಾಂಶ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಇಲಾಖೆಯ ದುಡ್ಡಿನ ಬಹುಪಾಲು ಹೋಗುವುದು ರಾಕೆಟ್, ಉಪಗ್ರಹ ಕಟ್ಟುವುದಕ್ಕೆ. ಬಾಹ್ಯಾಕಾಶ ವಿಜ್ಞಾನ ಎಂಬ ತಲೆಬರಹದ ಪಾಲು ಬಹಳ ಚಿಕ್ಕದು. ಅವಳಿಗೆ ಇದನ್ನೂ ಹೇಳಿ, ಹೆದರಿಸಬೇಡಿ.

ಈಗ ನಿಮ್ಮ ಮಳೆ ಪುಸ್ತಕ. ಎಷ್ಟು ಮಳೆಗೆ ಯಾವ ಬರೆ ಜರುಗುತ್ತದೆ ಎಂದು ಲೆಕ್ಕ ಹಾಕಲು ಹಳೆಯ ದಿನವಹಿ ಮಳೆ ಬೇಕೇ ಬೇಕು. ಉಪಗ್ರಹ ಅಂದಾಜಿಸಿದ ಮಳೆಯನ್ನು ನೆಲದ ಮಾಪಕದ ಜೊತೆ ತಾಳೆ ನೋಡಲೂ ಬೇಕು. ನಮ್ಮಲ್ಲಿ ಒಂದು ಬೆಟ್ಟದ ಈ ಕಡೆ ಸುರಿದದ್ದು ಆ ಕಡೆ ಸುರಿಯುವುದಿಲ್ಲ. ಪಂಚಾಯಿತಿಗೆ ಒಂದು ಮಾಪಕ ಸಾಲದು. ತೋಟ ತೋಟದಲ್ಲಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಮಳೆ ಬರೆದಿಟ್ಟ ನಿಮ್ಮಂಥವರ ಪುಸ್ತಕ ಎಷ್ಟಿವೆಯೋ, ಗೆದ್ದಲು ತಿಂದದ್ದು ಎಷ್ಟೋ.

ಒಂದು ಕೆಲಸ ಮಾಡಿ. 2018ರ ಜೂನ್ 1ರಿಂದ ಆಗಸ್ಟ್ 20ರವರೆಗಿನ ಪುಟಗಳ ಫೋಟೊ ತೆಗೆದು ಕಳಿಸಿ. ಮಾಪಕ ಎಲ್ಲಿ ಇಟ್ಟಿದ್ದಿರಿ, ಮರದ ಕೆಳಗೋ ಕಣದಲ್ಲೋ, ಬೆಳಿಗ್ಗೆ ಎಷ್ಟು ಗಂಟೆಗೆ ನೋಡುತ್ತಿದ್ದಿರಿ, ಅದನ್ನೂ ಬರೆಯಿರಿ. ಬೇರೆ ಓದುಗರ ಹತ್ತಿರ ಪುಸ್ತಕ ಇದ್ದರೆ ಅವರೂ ಕಳಿಸಲಿ. ಪುತ್ತರಿ ಹಬ್ಬದ (ಕೊಡಗಿನ ಸುಗ್ಗಿ ಹಬ್ಬ) ಸಂಚಿಕೆಗೆ ಎಲ್ಲವನ್ನೂ ಒಟ್ಟಿಗೆ ಅಚ್ಚು ಹಾಕುತ್ತೇವೆ. ಆ ಸಂಚಿಕೆಯ ಪ್ರತಿ ಹೈದರಾಬಾದಿಗೂ ಕೋಲ್ಕತ್ತಕ್ಕೂ ಹೋಗುತ್ತದೆ. ಅಂಚೆ ಖರ್ಚು ನಮ್ಮದು.

— ಸಂಪಾದಕ