ರೇಷನ್ ನಿಲ್ಲಿಸಿದರೆ ಲಸಿಕೆ ನಡೆಯುತ್ತದೆಯೇ?

ಓದುಗರ ಪತ್ರ: ‘ನಮ್ಮ ಪಂಚಾಯಿತಿಯಲ್ಲಿ ದೇವಸ್ಥಾನದ ಬದಿಯ ಮಕ್ಕಳಿಗೆಲ್ಲ ದಡಾರ–ರುಬೆಲ್ಲಾ ಲಸಿಕೆ ಆಗಿದೆ. ಹೊಳೆಯಾಚೆಯ ಕಾಲೊನಿಯಲ್ಲಿ, ಮಸೀದಿ ರಸ್ತೆಯಲ್ಲಿ ಅರ್ಧಂಬರ್ಧ. ಎಲ್ಲ ಅಜ್ಞಾನ. ಹಾಕಿಸದವರ ರೇಷನ್ ನಿಲ್ಲಿಸಿದರೆ ತಾವಾಗಿಯೇ ದಾರಿಗೆ ಬರುತ್ತಾರೆ. ನಿಮ್ಮ ಪತ್ರಿಕೆ ಇದನ್ನೇಕೆ ಬರೆಯುವುದಿಲ್ಲ?’ — ನಿವೃತ್ತ ಶಿಕ್ಷಕ, ಕಾರ್ಕಳ ತಾಲೂಕು

ಸಂಪಾದಕರ ಉತ್ತರ:

ಮಾಷ್ಟ್ರೇ, ನಿಮ್ಮ ದುಂಡಗಿನ ಅಕ್ಷರ ನೋಡಿ ಅಸೂಯೆಯಾಯಿತು. ವಿಚಾರ ಓದಿ ಸ್ವಲ್ಪ ಸಿಟ್ಟೂ ಬಂತು.

ನಿಮ್ಮ ಕಳಕಳಿ ನಿಜವಾದದ್ದೇ. ದಡಾರದಷ್ಟು ಬೇಗ ಹರಡುವ ರೋಗಗಳು ಕಡಿಮೆ. ನೂರಕ್ಕೆ 95 ಮಕ್ಕಳಿಗಾದರೂ ಎರಡು ಡೋಸ್ ಆಗದಿದ್ದರೆ ಅದು ಸಂದು ಹುಡುಕಿಕೊಂಡು ಬರುತ್ತದೆ. ಶಾಲೆಗೆ ಸೇರಿಸಿಕೊಳ್ಳುವಾಗ ಮಗುವಿನ ಲಸಿಕೆಯ ದಾಖಲೆ ಇರುವ ತಾಯಿ ಕಾರ್ಡ್ ನೋಡಿ ಎಂದರೆ ನಾನೂ ಕೈ ಎತ್ತುತ್ತೇನೆ. ನಮ್ಮಿಬ್ಬರ ಒಮ್ಮತ ಇಲ್ಲಿಗೆ ಮುಗಿಯಿತು.

‘ಅಜ್ಞಾನ’ ಎಂದಿರಿ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ದಕ್ಷಿಣ ಕನ್ನಡದ್ದು 88.57, ಉಡುಪಿಯದು 86.24. ನಮ್ಮ ಜಿಲ್ಲೆಗಳಿಗಿಂತಲೂ ಮುಂದಿದ್ದ ಕೇರಳದ ಮಲಪ್ಪುರಂನಲ್ಲಿ 2016ರಲ್ಲಿ ಮಕ್ಕಳು ಲಸಿಕೆಯಿಂದ ತಡೆಯಬಹುದಾದ ಗಂಟಲಮಾರಿಯಿಂದ (ಡಿಫ್ತೀರಿಯಾ) ಸತ್ತರು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಪುಕಾರು ಹುಟ್ಟಿದ್ದು 1998ರಲ್ಲಿ, ಲಂಡನ್ನಿನ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರ ಪುಟದಿಂದ. ಆ ಲೇಖನವನ್ನು ಪತ್ರಿಕೆ ಪೂರ್ತಿ ಹಿಂತೆಗೆದುಕೊಳ್ಳಲು 2010 ಬರಬೇಕಾಯಿತು. ಅದನ್ನು ನಂಬಿ ಮಕ್ಕಳನ್ನು ಲಸಿಕೆಯಿಂದ ದೂರವಿಟ್ಟವರಲ್ಲಿ ಪದವೀಧರರಿಗೇನೂ ಕೊರತೆಯಿರಲಿಲ್ಲ.

ಇನ್ನು ಮಸೀದಿ ರಸ್ತೆ. ಹಜ್‌ಗೆ ಹೊರಡುವ ಪ್ರತಿಯೊಬ್ಬರೂ ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡು, ಪೋಲಿಯೊ ಹನಿಯನ್ನೂ ನುಂಗಿ ವಿಮಾನ ಹತ್ತುತ್ತಾರೆ. ಅಲ್ಲಿ ಯಾರೂ ತಕರಾರು ತೆಗೆದದ್ದನ್ನು ನಾನು ಕೇಳಿಲ್ಲ. 2021ರಲ್ಲಿ ಗಲ್ಫಿಗೆ ಮರಳಬೇಕಿದ್ದ ನಮ್ಮ ಕರಾವಳಿಯ ಹುಡುಗರು ಜಾತಿ ಮತ ನೋಡದೆ ಕೋವಿಶೀಲ್ಡ್ ಹುಡುಕಿಕೊಂಡು ಅಲೆದರು. ಎರಡನೆಯ ಡೋಸಿಗೆ 84 ದಿನ ಕಾಯಲಾಗದೆಂದು ಗೋಗರೆದ ಮೇಲೆ ವಿದೇಶಕ್ಕೆ ಹೋಗುವವರಿಗೆ 28 ದಿನ ಸಾಕೆಂದಾಯಿತು. ಸೂಜಿಯ ಭಯವಾಗಲಿ ಧರ್ಮವಾಗಲಿ ಅಡ್ಡ ಬಂದಿದ್ದರೆ ಅಲ್ಲಿಯೂ ಬರಬೇಕಿತ್ತಲ್ಲವೇ?

ಅಡ್ಡ ಬರುವುದು ಬೇರೆ. 2017ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ದಡಾರ–ರುಬೆಲ್ಲಾ ಅಭಿಯಾನ ಶುರುವಾದಾಗ ವಾಟ್ಸಾಪ್‌ನಲ್ಲಿ ಅಪಪ್ರಚಾರವೂ ಶುರುವಾಯಿತು. ಸಂತಾನ ನಿಲ್ಲಿಸುವ ಹುನ್ನಾರ ಎಂಬ ಮಾತು ಹೊಸದೇನಲ್ಲ. ಉತ್ತರ ಪ್ರದೇಶದಲ್ಲಿ ಪೋಲಿಯೊ ಹನಿಯ ಮೇಲೂ ಅದೇ ಆರೋಪವಿತ್ತು. ತುರ್ತು ಪರಿಸ್ಥಿತಿಯಲ್ಲಿ ಬಲವಂತದ ನಸ್‌ಬಂದಿ (ಸಂತಾನಹರಣ ಶಸ್ತ್ರಚಿಕಿತ್ಸೆ) ಕಂಡ ಊರುಗಳಲ್ಲಿ ಸರಕಾರದ ಚೀಲ ಹಿಡಿದು ಬಂದವರನ್ನು ಜನ ಹೇಗೆ ನಂಬಬೇಕಿತ್ತು? ಕೊನೆಗೆ ಅದೇ ಗಲ್ಲಿಯ ಹೆಂಗಸರು, ಅದೇ ಮಸೀದಿಯ ಮೌಲ್ವಿಗಳು ಮನೆಮನೆ ತಿರುಗಿದ ಮೇಲೆ ಬಾಗಿಲು ತೆರೆಯಿತು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದೇ ನೈಸರ್ಗಿಕ ವೈರಾಣುವಿನಿಂದ ಬಂದ ದೇಶದ ಕೊನೆಯ ಪೋಲಿಯೊ ಪ್ರಕರಣ. ನಾವೇನು ಮಾಡಿದೆವು? 2020ರಲ್ಲಿ ಕೊರೋನಾ ಹರಡಿದ್ದೇ ಮುಸ್ಲಿಮರೆಂದು ಮೊಬೈಲಿನಿಂದ ಮೊಬೈಲಿಗೆ ದಾಟಿಸಿದೆವು. ಮರುವರ್ಷ ಅದೇ ಮನೆಗಳ ಮುಂದೆ ನಿಂತು ‘ನಿಮ್ಮ ಒಳ್ಳೆಯದಕ್ಕೇ’ ಎಂದೆವು.

ಹೊಳೆಯಾಚೆಯ ಕಾಲೊನಿ ನಮ್ಮ ಕರಾವಳಿಯ ಬುಡಕಟ್ಟು ಸಮುದಾಯವಾದ ಕೊರಗರದ್ದೋ ಅಲ್ಲವೋ ನೀವು ಬರೆದಿಲ್ಲ. ಹೌದಾದರೆ ಒಂದು ಮಾತು. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿ ತಮ್ಮ ರೋಗ ಅನಿಷ್ಟಗಳನ್ನು ಕೊರಗರ ಮೈಗೆ ದಾಟಿಸುವ ಅಜಲು ಪದ್ಧತಿ ನಮ್ಮದೇ ಊರುಗಳಲ್ಲಿತ್ತು. ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ನಿನ್ನೆ ಮೊನ್ನೆಯ ಮಾತಿದು. ಪೇಟೆಯಿಂದ ಬಂದವರು ‘ಇದು ರೋಗ ಬಾರದಿರಲು’ ಎಂದು ಮಗುವಿನ ತೋಳು ಹಿಡಿದರೆ ಅಲ್ಲಿಯ ಅಜ್ಜಿ ಒಂದು ಗಳಿಗೆ ಹಿಂಜರಿಯುವುದನ್ನು ನಾನಂತೂ ಅಜ್ಞಾನ ಎನ್ನಲಾರೆ. ನಮ್ಮ ಮನೆಗಳಲ್ಲಿ ಆಟಿ ಅಮಾವಾಸ್ಯೆಯ ಮುಂಜಾನೆ ಹಾಲೆ ಮರದ ಕೆತ್ತೆಯ ಕಷಾಯವನ್ನು ಮುಖ ಕಿವುಚಿಕೊಂಡಾದರೂ ಕುಡಿಯುತ್ತೇವೆ. ಅದಕ್ಕೆ ಪ್ರಯೋಗಾಲಯದ ವರದಿ ಕೇಳುವುದಿಲ್ಲ. ಕೊಡುವವರು ಮನೆಯವರು ಎಂಬುದಷ್ಟೇ ಕಾರಣ.

ಇನ್ನೊಂದು ಸಂಗತಿಯನ್ನು ನಿಮ್ಮಂತಹ ಹಿರಿಯರು ಗಮನಿಸದೆ ಬಿಟ್ಟದ್ದು ಬೇಸರ. ಬೀಡಿ ಕಟ್ಟುವ ತಾಯಿಯೊಬ್ಬಳು ನನ್ನಲ್ಲಿ ಕೇಳಿದ್ದಳು: ‘ಚುಚ್ಚಿದ ರಾತ್ರಿ ಮಗುವಿಗೆ ಜ್ವರ. ಮರುದಿನ ಬ್ರಾಂಚಿಗೆ ಬೀಡಿ ಕೊಡುವುದು ಯಾರು?’ ಐದು ರೋಗಗಳನ್ನು ತಡೆಯುವ ಪೆಂಟಾವಲೆಂಟ್ ಲಸಿಕೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ, ಅಂದರೆ ಎರಡು ತಿಂಗಳೊಳಗೆ ಮೂರು ಸಲ. ಪ್ರತಿ ಸಲವೂ ಅವಳ ಸಂಬಳಕ್ಕೆ ಕತ್ತರಿ. ಮಲ್ಪೆ ಬಂದರಿನಲ್ಲಿ ದುಡಿಯುವ ಹೊರರಾಜ್ಯದ ಕುಟುಂಬಗಳಿಗೆ ಅಂಗನವಾಡಿ ಯಾವ ದಿಕ್ಕಿಗಿದೆ ಎಂದೇ ತಿಳಿದಿರುವುದಿಲ್ಲ. ನಿಮ್ಮ ಆ ಕಾಲೊನಿಗೆ ಲಸಿಕೆಯ ದಿನ ಯಾವುದು, ಗಂಟೆ ಎಷ್ಟು, ಮಳೆಗಾಲದಲ್ಲಿ ಹೊಳೆ ದಾಟಲು ಸಂಕವಾದರೂ ಇದೆಯೇ? ವಿಚಾರಿಸಿ ಬರೆಯಿರಿ, ಒಂದಕ್ಷರ ಕತ್ತರಿಸದೆ ಪ್ರಕಟಿಸುತ್ತೇನೆ.

ಬಲವಂತದ ಕಥೆಯನ್ನು ಇಂಗ್ಲೆಂಡ್ ನಮಗಿಂತ ಮೊದಲೇ ನೋಡಿದೆ. 1853ರಲ್ಲಿ ಸಿಡುಬಿನ ಲಸಿಕೆ ಕಡ್ಡಾಯ ಮಾಡಿ ದಂಡ ಹಾಕಿದರು. ದಂಡ ಕಟ್ಟಲಾರದ ಬಡವರು ಜೈಲು ಕಂಡರು. 1885ರಲ್ಲಿ ಲೆಸ್ಟರ್ ಪಟ್ಟಣದ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ಹೊರಟರು. 1898ರಲ್ಲಿ ಆತ್ಮಸಾಕ್ಷಿ ಒಪ್ಪದವರಿಗೆ ವಿನಾಯಿತಿ ಕೊಡಲೇಬೇಕಾಯಿತು.

ನಮ್ಮ ಸರಕಾರಗಳಿಗೆ ಇದೆಲ್ಲ ಓದುವ ಪುರುಸೊತ್ತಿಲ್ಲ. ಅವುಗಳಿಗೆ ಗೊತ್ತಿರುವುದು ಆ್ಯಪ್ ಮತ್ತು ಮಂತ್ರಿಗಳ ಭಾವಚಿತ್ರವಿರುವ ಪೂರ್ಣಪುಟದ ಜಾಹೀರಾತು. (ಅದರಲ್ಲಿ ಒಂದೂ ನಮ್ಮ ಪತ್ರಿಕೆಗೆ ಬಂದಿಲ್ಲ, ಅದು ಬೇರೆ ಮಾತು.) ಬಿಸಿಲಲ್ಲಿ ಗುಡ್ಡ ಹತ್ತಿ ತಾಯಂದಿರ ಮನವೊಲಿಸುವ ಆಶಾ ಕಾರ್ಯಕರ್ತೆಯರು ಮಾತ್ರ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ನಡುಗುತ್ತ ಕುಳಿತು, ತಿಂಗಳಿಗೆ 15 ಸಾವಿರ ಕೇಳಿ, 10 ಸಾವಿರದ ಭರವಸೆ ಪಡೆದು ಊರಿಗೆ ಮರಳಬೇಕಾಯಿತು. ನೀವು ಹೇಳಿದಂತೆ ರೇಷನ್ ನಿಲ್ಲಿಸಲು ಹೊರಟರೂ ಯಾವ ಮನೆಯ ಮಗುವಿಗೆ ಲಸಿಕೆ ಆಗಿಲ್ಲ ಎಂಬ ಪಟ್ಟಿ ಬರೆದುಕೊಡಬೇಕಾದವಳು ಅವಳೇ. ಅಕ್ಕಿ ತಪ್ಪಿಸಿದ ಮನೆಯ ಅಂಗಳಕ್ಕೆ, ಮುಂದಿನ ಡೋಸಿನ ದಿನ ಹೇಳಲು, ಅವಳು ಯಾವ ಮುಖ ಹೊತ್ತು ಹೋಗಬೇಕು ಮಾಷ್ಟ್ರೇ?